ಮಾರುತಿ 800: ಗೇರ್ ಲಿವರ್ ಲಡಲಡ ಅಂತಿದೆ, ಸಡಿಲ ಎಲ್ಲಿದೆ ಅಂತ ಪತ್ತೆ ಹಚ್ಚೋದು ಹೇಗೆ?

ದೇವಿಮನೆ:
ಎಲ್ಲರಿಗೂ ನಮಸ್ಕಾರ. ಕಾರು 1997ರ ಮಾರುತಿ 800. ಕಾರ್ಬ್ಯುರೇಟರ್ ಮಾಡೆಲ್, ನಾಲ್ಕು ಗೇರ್. ಅಪ್ಪ ತಗೊಂಡಿದ್ದು, ಈಗ ನಾನೇ ಓಡಿಸ್ತೀನಿ. ಶಿರಸಿಯಿಂದ ಕುಮಟಾ ಕಡೆಗೆ ಘಟ್ಟ ಇಳಿಯೋದು ಹತ್ತೋದು ಇದ್ದೇ ಇರುತ್ತೆ.

ತೊಂದರೆ ಏನಂದ್ರೆ, ನ್ಯೂಟ್ರಲ್‌ನಲ್ಲಿ ಗೇರ್ ಲಿವರ್ ಎಡಕ್ಕೂ ಬಲಕ್ಕೂ ಸುಮ್ಮನೆ ತೂಗಾಡುತ್ತೆ. ಸೆಕೆಂಡ್‌ನಿಂದ ಥರ್ಡ್‌ಗೆ ಹಾಕೋವಾಗ ದಾರಿ ಹುಡುಕಬೇಕು. ಫಸ್ಟ್ ಅಂತ ಹಾಕಿದ್ದು ಒಮ್ಮೊಮ್ಮೆ ಥರ್ಡ್‌ಗೆ ಹೋಗಿ ಕೂತು ಗಾಡಿ ಆಫ್ ಆಗುತ್ತೆ. ಏರಿನಲ್ಲಿ ಹಿಂದೆ ಲಾರಿ ನಿಂತಿರುವಾಗ ಹೀಗಾದ್ರೆ ಕೈಕಾಲು ತಣ್ಣಗಾಗುತ್ತೆ. ರಿವರ್ಸ್ ಬೀಳಬೇಕಾದ್ರೆ ಲಿವರನ್ನು ಪೂರ್ತಿ ಆ ಕಡೆ ಎಳೆದು ಹಿಡಿದಿರಬೇಕು. ಮಣ್ಣು ರಸ್ತೆಯಲ್ಲಿ ಲಿವರ್ ಬುಡದಿಂದ ಟರ್ರ್ ಅಂತ ಶಬ್ದ ಬರುತ್ತೆ, ಲಿವರಿನ ಮೇಲ್ತುದಿಯ ಗುಬಟು ಹಿಡಿದುಕೊಂಡ್ರೆ ನಿಲ್ಲುತ್ತೆ. ಗೇರ್ ಬಿದ್ದ ಮೇಲೆ ಮಾತ್ರ ಗಾಡಿ ಚೆನ್ನಾಗಿಯೇ ಓಡುತ್ತೆ.

ಇಲ್ಲೊಂದು ಗ್ಯಾರೇಜ್‌ನಲ್ಲಿ ತೋರಿಸಿದೆ. ಲಿವರ್ ಒಂದು ಸಲ ಅಲ್ಲಾಡಿಸಿ, "ಗೇರ್‌ಬಾಕ್ಸ್ ಇಳಿಸಬೇಕು, ಒಳಗೆ ಸವೆದಿದೆ" ಅಂದ್ರು. ಕೆಳಗೆ ಬಗ್ಗಿ ನೋಡಲೂ ಇಲ್ಲ. ಅದಕ್ಕೆ ಒಪ್ಪೋ ಮೊದಲು ತಿಳಿದವರನ್ನು ಒಂದು ಮಾತು ಕೇಳೋಣ ಅಂತ ಬರೀತಿದ್ದೀನಿ.

ಎಂಟ್ನೂರು ಪ್ರೇಮಿ (ಮೈಸೂರು):
ಮೇಡಂ, ಹೆದರಬೇಡಿ. ಇದು ಹಳೇ 800ಗಳಲ್ಲೆಲ್ಲ ಬರೋ ಸಾಮಾನ್ಯ ಕಾಯಿಲೆ ಕಣ್ರೀ. ಲಿಂಕೇಜ್ ಬುಷ್ ಹೋಗಿರುತ್ತೆ, ಅಂದ್ರೆ ಲಿವರನ್ನು ಗೇರ್‌ಬಾಕ್ಸ್‌ಗೆ ಜೋಡಿಸೋ ರಾಡುಗಳ ಸಂದಿಯಲ್ಲಿರೋ ಸಣ್ಣ ಬಳೆ. ಸ್ಪೇರ್ ಪಾರ್ಟ್ಸ್ ಅಂಗಡೀಲಿ ಗೇರ್ ಲಿವರ್ ಕಿಟ್ ಅಂತ ಕೇಳಿ, ಸಣ್ಣ ಪೊಟ್ಟಣ ಕೊಡ್ತಾರೆ. ಹಾಕಿಸಿಬಿಡಿ, ಮುಗೀತು. ನನ್ನ ಗಾಡೀಲೂ ಅದೇ ಆಗಿತ್ತು.

ಗ್ರೀಸ್ ಗನ್ (ಬೆಂಗಳೂರು):
ಕಿಟ್ ತರೋ ಮೊದಲು ಸಡಿಲ ಎಲ್ಲಿದೆ ಅಂತ ನೋಡಿಬಿಡೋಣ. ನೀವು ಹೇಳಿದ್ದರಲ್ಲಿ ಎರಡು ಸಂಗತಿ ಮುಖ್ಯ. ಗುಬಟು ಹಿಡಿದ್ರೆ ಶಬ್ದ ನಿಲ್ಲುತ್ತೆ, ಗೇರ್ ಬಿದ್ದ ಮೇಲೆ ಗಾಡಿ ಸರಿಯಾಗಿ ಓಡುತ್ತೆ. ಇವೆರಡೂ ಗೇರ್‌ಬಾಕ್ಸ್ ಹೊರಗಿನ ಸವೆತದ ಕಡೆಗೇ ಕೈ ತೋರಿಸ್ತವೆ.

800ರಲ್ಲಿ ಎಂಜಿನ್ ಅಡ್ಡಡ್ಡ ಕೂತಿದೆ, ಗೇರ್‌ಬಾಕ್ಸ್ ಅದರ ಪಕ್ಕಕ್ಕೇ ಇದೆ, ಎರಡೂ ಬಾನೆಟ್ ಒಳಗೆ. ಲಿವರ್ ಮಾತ್ರ ನಿಮ್ಮ ಎಡಗೈ ಹತ್ತಿರ, ಎರಡು ಸೀಟಿನ ನಡುವೆ. ಇವೆರಡನ್ನೂ ಜೋಡಿಸೋಕೆ ಕಾರಿನ ಹೊಟ್ಟೆ ಕೆಳಗೆ ಎರಡು ರಾಡ್ ಹೋಗಿವೆ. ಒಂದು ಕಂಟ್ರೋಲ್ ರಾಡ್: ಲಿವರನ್ನು ಹಿಂದೆ ಮುಂದೆ ಮಾಡಿದ್ರೆ ಇದು ಉದ್ದಕ್ಕೆ ಜರುಗುತ್ತೆ, ಎಡಕ್ಕೆ ಬಲಕ್ಕೆ ಮಾಡಿದ್ರೆ ತನ್ನ ಸುತ್ತ ತಿರುಗುತ್ತೆ. ತಿರುಗಿದಾಗ ಯಾವ ಸಾಲು ಅಂತ ಆರಿಸುತ್ತೆ, ಅಂದ್ರೆ ಫಸ್ಟ್-ಸೆಕೆಂಡ್ ಸಾಲೋ, ಥರ್ಡ್-ಫೋರ್ತ್ ಸಾಲೋ, ರಿವರ್ಸೋ. ಜರುಗಿದಾಗ ಆ ಸಾಲಿನಲ್ಲಿ ಗೇರ್ ಹಾಕುತ್ತೆ. ಇನ್ನೊಂದು ಎಕ್ಸ್‌ಟೆನ್ಷನ್ ರಾಡ್. ಅದು ಗೇರ್ ಹಾಕೋದಿಲ್ಲ, ಲಿವರಿನ ಬುಡವನ್ನು ಗೇರ್‌ಬಾಕ್ಸ್‌ಗೆ ಕಟ್ಟಿ ಹಿಡಿಯುತ್ತೆ. ಎಂಜಿನ್ ತನ್ನ ಮೌಂಟಿಂಗ್ (ಅದು ಕೂತಿರೋ ರಬ್ಬರ್ ಆಧಾರ) ಮೇಲೆ ಸ್ವಲ್ಪ ಅಲ್ಲಾಡಿದಾಗ ಲಿವರಿನ ಬುಡವೂ ಅದರ ಜೊತೆಗೇ ಅಲ್ಲಾಡಲಿ, ಗೇರ್ ತಾನಾಗೇ ಬಿಟ್ಟುಕೊಳ್ಳದಿರಲಿ ಅಂತ ಈ ವ್ಯವಸ್ಥೆ.

ನಿಮ್ಮ ದೂರು ಎಡ-ಬಲದ ಬಗ್ಗೆ, ಸಾಲು ಸಿಗದಿರೋದರ ಬಗ್ಗೆ. ಅಂದ್ರೆ ತಿರುಗಬೇಕಾದ ರಾಡ್ ಪೂರ್ತಿ ತಿರುಗ್ತಾ ಇಲ್ಲ, ನಡುವೆ ಯಾವುದೋ ಸಂದಿಯಲ್ಲಿ ಆ ಚಲನೆ ಸೋರಿ ಹೋಗ್ತಿದೆ.

ಇಷ್ಟು ನೋಡಿ ಹೇಳಿ: ಎಂಜಿನ್ ಆಫ್ ಇದ್ದಾಗ ಗೇರ್‌ಗಳು ಹೇಗೆ ಬೀಳ್ತವೆ? ಓಡುವಾಗ ಯಾವುದಾದರೂ ಗೇರ್ ತಾನಾಗೇ ನ್ಯೂಟ್ರಲ್‌ಗೆ ಬರುತ್ತಾ? ಆಕ್ಸಿಲರೇಟರ್ ಒತ್ತಿ ಬಿಟ್ಟಾಗ ಲಿವರ್ ಹಿಂದೆ ಮುಂದೆ ಕುಣಿಯುತ್ತಾ?

ದೇವಿಮನೆ:
ಎಂಜಿನ್ ಆಫ್ ಇದ್ದಾಗಲೂ ಅಷ್ಟೇ, ಸಾಲು ಹುಡುಕಬೇಕು. ಸಿಕ್ಕಿದ ಮೇಲೆ ಹಗುರವಾಗಿ ಬೀಳುತ್ತೆ. ತಾನಾಗೇ ಬಿಟ್ಟುಕೊಂಡಿದ್ದು ಇಲ್ಲ. ಕುಣಿಯೋದು... ಸೆಕೆಂಡ್‌ನಲ್ಲಿ ಘಟ್ಟ ಇಳಿಯುವಾಗ ಆಕ್ಸಿಲರೇಟರ್ ಬಿಟ್ರೆ ಲಿವರ್ ಸ್ವಲ್ಪ ಮುಂದಕ್ಕೆ ಹೋಗಿ ಬರುತ್ತೆ, ಹೌದು. ಅದು ಮೊದಲಿಂದಲೂ ಹಾಗೇ ಅಂದುಕೊಂಡಿದ್ದೆ. ಕ್ಲಚ್ ಕೇಬಲ್ ಹೋದ ಮಳೆಗಾಲದಲ್ಲಿ ಹೊಸದು ಹಾಕಿಸಿದ್ದು.

ಧಾರವಾಡ ಡಿಪೋ:
ತಂಗಿ, ನಾ ಡಿಪೋದಾಗ ದುಡಿದು ರಿಟೈರ್ ಆದಾಂವ. ಬಸ್ ಇರಲಿ, ಕಾರ್ ಇರಲಿ, ಗೇರ್ ಕಂಪ್ಲೇಂಟ್ ಬಂತು ಅಂದ್ರ ಮೊದಲ ಮೂರು ರೋಗ ಬ್ಯಾರೆ ಬ್ಯಾರೆ ಮಾಡಬೇಕು ನೋಡ್ರಿ. ಎಂಜಿನ್ ಚಾಲೂ ಇದ್ದಾಗ ಗೇರ್ ಕರಕರ ಅಂತೈತಿ, ಬಂದ್ ಮಾಡಿದ್ರ ಬೆಣ್ಣಿಯಂಗ ಬೀಳ್ತೈತಿ ಅಂದ್ರ ಅದು ಕ್ಲಚ್ ಪೂರ್ತಿ ಬಿಡವಲ್ಲದು. ಚಾಲೂ ಇದ್ರೂ ಬಂದ್ ಇದ್ರೂ ದಾರಿ ಸಿಗವಲ್ಲದು ಅಂದ್ರ ಲಿಂಕೇಜ್. ಒಂದೇ ಒಂದು ಗೇರ್ ಕಿರಿಕಿರಿ ಮಾಡ್ತೈತಿ, ಇಲ್ಲಾ ಅದೊಂದೇ ಜಿಗಿದು ಹೊರಗ ಬರ್ತೈತಿ, ಉಳಿದಾವೆಲ್ಲಾ ಸರಿ ಅಂದ್ರ ಆವಾಗ ಒಳಗಿನ ಫೋರ್ಕು (ಗೇರ್ ಜರುಗಿಸೂ ಕವಲು), ಸಿಂಕ್ರೋ (ಗೇರಿನ ವೇಗ ಹೊಂದಸೂ ರಿಂಗು) ಅಂತ ಯೋಚನಿ ಮಾಡಬೇಕು. ನಿಮ್ಮದು ನಡುವಿಂದು. ಗೇರ್‌ಬಾಕ್ಸ್ ಇಳಸೂ ಮಾತ ಈಗ ಬ್ಯಾಡ.

ನೋಡೂದು ಹ್ಯಾಂಗ ಹೇಳ್ತೀನಿ. ಇಬ್ಬರು ಬೇಕು. ಒಬ್ಬರು ಒಳಗ ಕೂತು ಗುಬಟು ಎಡಕ್ಕ ಬಲಕ್ಕ, ಹಿಂದ ಮುಂದ, ನಿಧಾನ ಆಡಸಬೇಕು. ಎಂಜಿನ್ ಬಂದ್ ಇರಬೇಕು, ಚಾವಿ ಕಿಸೇದಾಗ ಇರಬೇಕು. ಇನ್ನೊಬ್ಬರು ಕೆಳಗ ಟಾರ್ಚ್ ಹಿಡಕೊಂಡು ಪ್ರತಿ ಜೋಡಣಿ ಮ್ಯಾಲೆ ಬೆರಳಿಟ್ಟು ನೋಡಬೇಕು. ಬೆರಳು ಎರಡೂ ತುಂಡಿನ ಸಂದಿ ಮ್ಯಾಲೆ ಇರಬೇಕ್ರಿ, ಅರ್ಧ ಈ ಕಡೆ, ಅರ್ಧ ಆ ಕಡೆ. ಒಂದು ತುಂಡು ಜರುಗಿ ಇನ್ನೊಂದು ತಡಾ ಮಾಡಿ ಜರುಗಿದ್ರ ಕಣ್ಣಿಗಿಂತ ಬೆರಳಿಗೆ ಮೊದಲ ಗೊತ್ತಾಗ್ತೈತಿ.

ಗೇರ್‌ಬಾಕ್ಸ್ ಕಡಿಂದ ಸುರು ಮಾಡ್ರಿ, ಲಿವರ್ ಕಡಿಗೆ ಬರ್ರಿ. ಭಾಳ ಮಂದಿ ಲಿವರ್ ಬುಡಕ್ಕ ಕೈ ಹಾಕಿ ಅಲ್ಲೇ ನಿಂತು ಬಿಡ್ತಾರ. ಗೇರ್‌ಬಾಕ್ಸಿನಿಂದ ಹೊರಗ ಬಂದಿರೂ ಶಾಫ್ಟ್ ಕೈಲೆ ಹಿಡಿದು ನೋಡ್ರಿ. ಅದು ಬಿಗಿ ಇದ್ದು, ಅದಕ್ಕ ಬೋಲ್ಟ್ ಹಾಕಿದ ರಾಡ್ ಅಲ್ಲಾಡಿದ್ರ ರೋಗ ಸಿಕ್ಕಂಗ.

ಹೊಸ ಚಾಲಕ (ಹಾಸನ):
ಒಂದು ಪ್ರಶ್ನೆ ಅಣ್ಣಾ. ಬುಷ್ ಅಂದ್ರೆ ಎಷ್ಟು ದೊಡ್ಡದು ಇರುತ್ತೆ? ಅಷ್ಟು ಚಿಕ್ಕ ವಸ್ತು ಸವೆದ್ರೆ ಲಿವರ್ ಇಷ್ಟು ತೂಗಾಡುತ್ತಾ?

ಗ್ರೀಸ್ ಗನ್ (ಬೆಂಗಳೂರು):
ತೂಗಾಡುತ್ತೆ. ಲಿವರ್ ಒಂದು ಗುಂಡಿನ ಮೇಲೆ ಕೂತಿದೆ. ಆ ಗುಂಡಿನ ಮೇಲಿನ ಭಾಗ ಉದ್ದ, ಕೆಳಗಿನ ಭಾಗ ಗಿಡ್ಡ. ಮೇಲಿನದು ಕೆಳಗಿನದರ ಐದು ಪಟ್ಟು ಉದ್ದ ಅಂತ ಇಟ್ಟುಕೊಳ್ಳಿ. ಕೆಳಗೆ 1 ಮಿ.ಮೀ. ಸವೆದ್ರೆ ಗುಬಟಿನ ಹತ್ತಿರ 5 ಮಿ.ಮೀ. ಆಯ್ತು. ಇಂಥ ಜೋಡಣೆ ಒಂದೇ ಇಲ್ಲವಲ್ಲ. ಲಿವರ್ ಕೂತಿರೋ ಪ್ಲಾಸ್ಟಿಕ್ ಸೀಟು, ಲಿವರ್ ತುದಿ ರಾಡ್‌ಗೆ ಸೇರೋ ಕಡೆಯ ಬುಷ್‌ಗಳು, ಗೇರ್‌ಬಾಕ್ಸ್ ತುದಿಯ ಜಾಯಿಂಟು, ಎಲ್ಲದರ ಸಡಿಲವೂ ಒಂದಕ್ಕೊಂದು ಕೂಡಿ ಮೇಲೆ ಬರುತ್ತೆ. ಒಂದೊಂದು ಕಡೆ ಕೂದಲೆಳೆಯಷ್ಟು ಸವೆದಿದ್ರೂ ಗುಬಟಿಗೆ ಬರೋ ಹೊತ್ತಿಗೆ ಬೆರಳಗಲ ಆಗಿರುತ್ತೆ.

ಇನ್ನೊಂದು ಕೆಲಸ ಮಾಡಿ. ರಿಪೇರಿಗೆ ಮೊದಲು, ಗಾಡಿ ಥರ್ಡ್ ಗೇರ್‌ನಲ್ಲಿಟ್ಟು, ಬಲ ಹಾಕದೆ ಗುಬಟು ಎಷ್ಟು ಅಲ್ಲಾಡುತ್ತೆ ಅಂತ ಸ್ಕೇಲ್ ಹಿಡಿದು ಅಳೆದು ಬರೆದಿಡಿ. ಎಡ-ಬಲ ಬೇರೆ, ಹಿಂದೆ-ಮುಂದೆ ಬೇರೆ. ಒಂದೊಂದು ಭಾಗ ಬದಲಿಸಿದ ಮೇಲೂ ಹಾಗೇ ಅಳೆಯಿರಿ. "ಸ್ವಲ್ಪ ಪರವಾಗಿಲ್ಲ ಅನ್ಸುತ್ತೆ" ಅನ್ನೋದರಿಂದ ಏನೂ ತಿಳಿಯೋದಿಲ್ಲ.

ಕುಡ್ಲ ಕಾರು (ಮಂಗಳೂರು):
ಕೆಳಗೆ ನುಗ್ಗುವ ಮೊದಲು ಒಂದು ವಿಷಯ ಮಾರಾಯ್ರೆ. ಜಾಕ್ ಒಂದನ್ನೇ ನಂಬಿ ಯಾರೂ ಕಾರಿನ ಅಡಿಗೆ ಹೋಗಬೇಡಿ. ಗಾಡಿಯೊಟ್ಟಿಗೆ ಬರುವ ಜಾಕ್ ಟಯರ್ ಬದಲಿಸಲಿಕ್ಕೆ ಮಾತ್ರ ಇರುವುದು. ಸ್ಟ್ಯಾಂಡ್ ಇಡಿ, ಹಿಂದಿನ ಚಕ್ರಕ್ಕೆ ಎರಡೂ ಬದಿ ಕಲ್ಲು ಕೊಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಪರೀಕ್ಷೆ ಮಾಡುವಾಗ ಗಾಡಿ ಗೇರಿನಲ್ಲಿ ಇರುವುದಿಲ್ಲ, ನೆನಪಿರಲಿ. ವಾಟರ್ ಸರ್ವೀಸ್ ಮಾಡುವ ಕಡೆ ರ‍್ಯಾಂಪ್ ಅಥವಾ ಪಿಟ್ ಉಂಟಾದರೆ ಅಲ್ಲೇ ಹೋಗಿ. ಸೈಲೆನ್ಸರ್ ಪೈಪ್ ರಾಡಿನ ಪಕ್ಕದಲ್ಲೇ ಹೋಗ್ತದೆ, ಗಾಡಿ ಓಡಿಸಿದ ಕೂಡಲೇ ಕೈ ಹಾಕಿದರೆ ಸುಡ್ತದೆ. ತಣಿಯಲಿ.

ನಮ್ಮ ಕರಾವಳಿಯಲ್ಲಿ ಇನ್ನೊಂದು ಕಿರಿಕಿರಿ ತುಕ್ಕು. ಬೋಲ್ಟು ಬುಷ್ಷಿನ ಒಳಗಿನ ಕಬ್ಬಿಣದ ಕೊಳವೆಗೆ ಹಿಡಿದುಬಿಟ್ಟಿರ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಇಡಿ. ನಿಮಗೂ ಕುಮಟಾ ಹತ್ತಿರವೇ ಅಲ್ವಾ, ಬೇಕಾದೀತು.

ಹ್ಯಾಂಡ್ ಗೇರ್ ಮೇಷ್ಟ್ರು (ಶಿವಮೊಗ್ಗ):
ನನ್ನದು ಪ್ರೀಮಿಯರ್ ಪದ್ಮಿನಿ, ಸ್ಟೀರಿಂಗ್ ಪಕ್ಕದ ಹ್ಯಾಂಡ್ ಗೇರ್. ಈ ಚರ್ಚೆ ಓದ್ತಾ ಹಳೆಯದೆಲ್ಲ ನೆನಪಾಯಿತು. ಅಂಬಾಸಿಡರ್, ಫಿಯೆಟ್ ಕಾಲದ ಡ್ರೈವರುಗಳಿಗೆ ಲಿಂಕೇಜ್ ಅಂದರೆ ಬಾನೆಟ್ ಎತ್ತಿ ಕಣ್ಣಾರೆ ನೋಡುವ ವಸ್ತು. ಸ್ಟೀರಿಂಗ್ ಕಂಬದ ಉದ್ದಕ್ಕೂ ಇಳಿದು ಬರುವ ರಾಡು, ಅದರ ಬುಡದಲ್ಲಿ ಲಿವರುಗಳು, ಅಲ್ಲಿಂದ ಗೇರ್‌ಬಾಕ್ಸ್‌ಗೆ ಇನ್ನಷ್ಟು ರಾಡು. ಬುಷ್ ಸವೆದಾಗ ಎರಡು ಗೇರಿನ ನಡುವೆ ಸಿಕ್ಕಿಹಾಕಿಕೊಂಡು ಲಾಕ್ ಆಗುತ್ತಿತ್ತು. ಡ್ರೈವರ್ ಇಳಿದು, ಬಾನೆಟ್ ಎತ್ತಿ, ಆ ರಾಡನ್ನು ಕೈಯಲ್ಲೇ ತಟ್ಟಿ ನ್ಯೂಟ್ರಲ್‌ಗೆ ತಂದು ಮತ್ತೆ ಹತ್ತುತ್ತಿದ್ದ. ಟ್ಯಾಕ್ಸಿ ಸ್ಟ್ಯಾಂಡುಗಳಲ್ಲಿ ಇದು ದಿನನಿತ್ಯ ಕಾಣುವ ನೋಟವಾಗಿತ್ತು.

ಹೇಳಬೇಕಾದದ್ದು ಇಷ್ಟೇ. ಆ ಗಾಡಿಗಳಲ್ಲಿ ತಂತಿ ಸುತ್ತಿ, ಸೈಕಲ್ ಟ್ಯೂಬಿನ ತುಂಡು ಹಾಕಿ ದಿನ ದೂಡಿದ್ದನ್ನು ನೋಡಿದ್ದೇನೆ. ಊರು ಸೇರಲು ಅದು ಸಾಕು, ಘಟ್ಟ ಇಳಿಯಲು ಸಾಲದು. ನಿಮ್ಮ ರಸ್ತೆಯಲ್ಲಿ ಎಂಜಿನ್ ಬ್ರೇಕ್ (ಕೆಳಗಿನ ಗೇರಿನಲ್ಲಿ ಎಂಜಿನ್ನೇ ಗಾಡಿಯ ವೇಗ ತಡೆಯುವುದು) ಬೇಕು, ಅಂದರೆ ಕೇಳಿದ ಕೂಡಲೇ ಸೆಕೆಂಡ್ ಬೀಳಬೇಕು. ಅದಕ್ಕೇ ಇದನ್ನು ಮುಂದೂಡಬೇಡಿ ಅಂತ ಕಳಕಳಿಯಿಂದ ಹೇಳುತ್ತೇನೆ.

ದೇವಿಮನೆ:
ಎಲ್ಲರಿಗೂ ಧನ್ಯವಾದ. ಪರಿಚಯದ ಒಬ್ಬರ ಸರ್ವೀಸ್ ಸ್ಟೇಷನ್‌ನಲ್ಲಿ ಪಿಟ್ ಇತ್ತು, ಅಲ್ಲಿ ಇವತ್ತು ನೋಡಿದ್ವಿ. ತಮ್ಮ ಒಳಗೆ ಕೂತು ಲಿವರ್ ಆಡಿಸಿದ, ನಾನು ಕೆಳಗಿದ್ದೆ.

ಗೇರ್‌ಬಾಕ್ಸ್ ಶಾಫ್ಟ್ ಬಿಗಿಯಾಗಿಯೇ ಇದೆ. ಅಲ್ಲಿನ ಜಾಯಿಂಟ್‌ನಲ್ಲಿ ಸ್ವಲ್ಪ ಸಡಿಲ ಇದೆ, ಬೆರಳಿಗೆ ಗೊತ್ತಾಗುತ್ತೆ, ಕಣ್ಣಿಗೆ ಕಾಣೋದಿಲ್ಲ (ಡಿಪೋ ಅವರು ಹೇಳಿದ್ದು ಅಕ್ಷರಶಃ ಹಾಗೇ). ಲಿವರ್ ಕೆಳತುದಿ ರಾಡ್‌ಗೆ ಸೇರೋ ಕಡೆ ಮಾತ್ರ ತುಂಬಾ ಸಡಿಲ. ತಮ್ಮ ಲಿವರನ್ನು ಎಡದಿಂದ ಬಲಕ್ಕೆ ತಂದಾಗ ಮೊದಲ ಅರ್ಧ ದೂರ ರಾಡ್ ತಿರುಗೋದೇ ಇಲ್ಲ, ಆಮೇಲೆ ಟಕ್ ಅಂತ ತಿರುಗುತ್ತೆ. ಲಿವರ್ ಬುಡವನ್ನು ಮುಚ್ಚೋ ರಬ್ಬರ್ ಬೂಟ್ ಕೆಳಗಡೆ ಹರಿದಿದೆ, ಒಳಗೆ ಕೆಮ್ಮಣ್ಣು ತುಂಬಿ ಗಟ್ಟಿಯಾಗಿತ್ತು, ಸ್ಕ್ರೂಡ್ರೈವರ್‌ನಲ್ಲಿ ಕೆರೆದು ತೆಗೆದೆ. ಅಳತೆಯನ್ನೂ ಬರೆದಿಟ್ಟಿದ್ದೀನಿ.

ಬುಷ್ ತರಬೇಕು. ಅಂಗಡಿಯಲ್ಲಿ ಪ್ಲಾಸ್ಟಿಕ್ ಬುಷ್ ಬೇಡ, ಲೇತ್‌ನಲ್ಲಿ ಹಿತ್ತಾಳೆ ಬುಷ್ ಮಾಡಿಸಿ, ಜನ್ಮಕ್ಕಾಗುತ್ತೆ ಅಂದ್ರು. ಹೌದಾ?

ಎಂಟ್ನೂರು ಪ್ರೇಮಿ (ಮೈಸೂರು):
ಮಾಡಿಸಿ ಮೇಡಂ, ಗಟ್ಟಿ ಇರುತ್ತೆ. ನನ್ನ ಸ್ನೇಹಿತರೊಬ್ಬರು ಹಾಗೇ ಮಾಡಿಸಿದ್ದಾರೆ, ಗೇರ್ ಟಕಟಕ ಅಂತ ಬೀಳುತ್ತೆ.

ಗ್ರೀಸ್ ಗನ್ (ಬೆಂಗಳೂರು):
ಇಲ್ಲಿ ನಾನು ಒಪ್ಪೋದಿಲ್ಲ. ಬುಷ್ಷನ್ನು ಮೆತ್ತನೆಯ ವಸ್ತುವಿನಲ್ಲಿ ಮಾಡಿರೋದಕ್ಕೆ ಕಾರಣ ಇದೆ. ಒಂದು, ಅದು ಎಂಜಿನ್ ನಡುಕವನ್ನು ಲಿವರ್‌ವರೆಗೆ ಬರಲು ಬಿಡೋದಿಲ್ಲ. ಎರಡು, ಸವೆಯಬೇಕಾದದ್ದು ಅಗ್ಗದ ಬುಷ್, ರಾಡ್‌ನ ತೂತು ಅಲ್ಲ. ಹಿತ್ತಾಳೆ ಹಾಕಿ ಗ್ರೀಸ್ ಒಣಗಿದ್ರೆ ಬೋಲ್ಟ್ ಸವೆಯುತ್ತೆ, ಜೊತೆಗೆ ಮಣ್ಣು ರಸ್ತೆಯಲ್ಲಿ ಲೋಹಕ್ಕೆ ಲೋಹ ಬಡಿದು ಈಗಿರೋದಕ್ಕಿಂತ ಜಾಸ್ತಿ ಶಬ್ದ. ಅದೂ ಅಲ್ಲದೆ ಎಂಜಿನ್ ಅಲ್ಲಾಡಿದಾಗ ರಾಡ್‌ನ ಕೋನ ಚೂರು ಬದಲಾಗುತ್ತೆ. ಮೆತ್ತನೆಯ ಬುಷ್ ಅದಕ್ಕೆ ಬಗ್ಗುತ್ತೆ, ಹಿತ್ತಾಳೆ ಬಗ್ಗೋದಿಲ್ಲ.

ಬುಷ್‌ಗಿಂತ ಮುಖ್ಯವಾದದ್ದು ಒಂದಿದೆ, ಇದನ್ನು ಜನ ನೋಡೋದೇ ಇಲ್ಲ. ಹಳೇ ಬುಷ್ ತೆಗೆದ ಮೇಲೆ ಅದು ಕೂರುವ ತೂತು ದುಂಡಗಿದೆಯೋ ಮೊಟ್ಟೆಯಾಕಾರ ಆಗಿದೆಯೋ ನೋಡಿ. ಬುಷ್ ಪೂರ್ತಿ ಸವೆದ ಮೇಲೂ ಓಡಿಸಿದ್ರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ತೂತು ಉದ್ದ ಆಗಿರುತ್ತೆ. ಅಂಥ ತೂತಿಗೆ ಎಂಥ ಹೊಸ ಬುಷ್ ಹಾಕಿದ್ರೂ ತಿಂಗಳೊಳಗೆ ಮತ್ತೆ ಅದೇ ಕಥೆ. ತೂತು ಕೆಟ್ಟಿದ್ರೆ ಮಾತ್ರ ಲೇತ್‌ಗೆ ಹೋಗಿ. ವೆಲ್ಡ್ ತುಂಬಿಸಿ ಹೊಸದಾಗಿ ಕೊರೆಸಿ, ಇಲ್ಲವೇ ಒಳ್ಳೇ ಸ್ಥಿತಿಯ ಹಳೇ ರಾಡ್ ಹುಡುಕಿ. ಬೋಲ್ಟ್‌ನ್ನೂ ಉಗುರಿನಿಂದ ಸವರಿ ನೋಡಿ. ಉಗುರು ಎಲ್ಲಾದರೂ ಮೆಟ್ಟಿಲಿಗೆ ತಾಗಿದಂತೆ ನಿಂತ್ರೆ ಬೋಲ್ಟ್ ಬದಲಿಸಿ.

ಧಾರವಾಡ ಡಿಪೋ:
ಗ್ರೀಸ್ ಗನ್ ಅವರ ಮಾತು ಖರೆ ಐತಿ. ಬೋಲ್ಟ್ ಬಗ್ಗೆ ಇನ್ನೊಂದು ಮಾತ. ಅಂಗಡ್ಯಾಗ ಸಿಗೂ ಯಾವುದೋ ಉದ್ದ ಬೋಲ್ಟ್ ತಂದು ಹಾಕಬ್ಯಾಡ್ರಿ. ಬುಷ್ ಕೂರೂ ಜಾಗಾದಾಗ ಬೋಲ್ಟು ನುಣ್ಣಗ ಇರಬೇಕು, ಅಲ್ಲಿ ಆಟೆ (ಥ್ರೆಡ್) ಬಂದ್ರ ಅದು ಗರಗಸ ಆಡಿದಂಗ ಬುಷ್ ತಿಂದು ಹಾಕ್ತೈತಿ. ನಟ್ ಲಾಕ್ ಆಗೂವಂಥಾದ್ದ ಇರಬೇಕು. ಬಿಗಿ ಮಾಡಿದ ಮ್ಯಾಲೆ ಜಾಯಿಂಟ್ ಕೈಲೆ ತಿರುಗಿಸಿದ್ರ ಸರಾಗ ತಿರುಗಬೇಕು, ಆದ್ರ ಲಡಲಡ ಅನ್ನಬಾರದು. ಬಿಗಿ ಭಾಳ ಆತು ಅಂದ್ರ ಲಿವರ್ ನಡಬರಕ್ಕ ಬಂದು ನಿಲ್ಲೂದುಲ್ಲ, ಬಿಟ್ಟಲ್ಲೇ ನಿಲ್ತೈತಿ. ಅದೂ ತಪ್ಪ.

ಕುಡ್ಲ ಕಾರು (ಮಂಗಳೂರು):
ಸ್ಪೇರ್ ವಿಷಯ. 800 ತಯಾರಿಕೆ ನಿಂತದ್ದು 2014ರಲ್ಲಿ, ಹಾಗಾಗಿ ಬಿಡಿಭಾಗಕ್ಕೆ ಇನ್ನೂ ಬರ ಬಂದಿಲ್ಲ. ಆದರೆ ನಿಮ್ಮದು ನಾಲ್ಕು ಗೇರಿನದ್ದು ಅಂತ ಅಂಗಡಿಯಲ್ಲಿ ಮೊದಲೇ ಹೇಳಿ, ಆಮೇಲಿನ ಐದು ಗೇರಿನ ಗಾಡಿಯದ್ದು ಕೊಟ್ಟುಬಿಟ್ಟಾರು. ಹಳೇ ಬುಷ್ ಕಾಗದದಲ್ಲಿ ಕಟ್ಟಿಕೊಂಡು ಹೋಗಿ ಪಕ್ಕಪಕ್ಕ ಇಟ್ಟು ನೋಡುವುದೇ ಒಳ್ಳೆಯದು. ಬೆಂಗಳೂರಿಗೆ ಹೋಗುವವರು ಇದ್ದರೆ ಜೆ.ಸಿ. ರೋಡಿನಲ್ಲಿ ಕೇಳಲಿಕ್ಕೆ ಹೇಳಿ.

ಬೂಟ್ ಮಾತ್ರ ತಪ್ಪದೆ ಹೊಸದು ಹಾಕಿ. ಮಣ್ಣು ಒಳಗೆ ಹೋದರೆ ಹೊಸ ಬುಷ್ ಕೂಡ ಒಂದು ಮಳೆಗಾಲಕ್ಕೆ ಮುಗೀತದೆ.

ಹೊಸ ಚಾಲಕ (ಹಾಸನ):
ಯಾವ ಗ್ರೀಸ್ ಹಾಕಬೇಕು ಅಣ್ಣಾ? ಚಕ್ರಕ್ಕೆ ಹಾಕೋದೇ ನಡೆಯುತ್ತಾ?

ಗ್ರೀಸ್ ಗನ್ (ಬೆಂಗಳೂರು):
ಲಿವರ್ ಗುಂಡು, ಅದರ ಪ್ಲಾಸ್ಟಿಕ್ ಸೀಟು, ಬೋಲ್ಟ್, ಇಲ್ಲಿಗೆಲ್ಲ ಸಾಮಾನ್ಯ ಲಿಥಿಯಂ ಗ್ರೀಸ್ ನಡೆಯುತ್ತೆ. ಶುದ್ಧ ರಬ್ಬರ್‌ಗೆ ಮಾತ್ರ ಪೆಟ್ರೋಲಿಯಂ ಗ್ರೀಸ್ ತಾಗಿಸಬೇಡಿ, ಉಬ್ಬಿ ಮೆತ್ತಗಾಗುತ್ತೆ. ಅಲ್ಲಿಗೆ ಸಿಲಿಕಾನ್ ಗ್ರೀಸ್. ತುಂಬಾ ಮೆತ್ತಬೇಡಿ, ಹೊರಗೆ ಉಳಿದ ಗ್ರೀಸ್ ಧೂಳನ್ನು ಹಿಡಿದಿಟ್ಟುಕೊಳ್ಳುತ್ತೆ.

ಕೆಳಗಿದ್ದಾಗಲೇ ಗೇರ್‌ಬಾಕ್ಸಿನಿಂದ ಶಾಫ್ಟ್ ಹೊರಬರೋ ಜಾಗದ ಆಯಿಲ್ ಸೀಲ್ ನೋಡಿ. ಅಲ್ಲಿ ಎಣ್ಣೆ ಒಸರಿ ಜಾಯಿಂಟ್ ಒದ್ದೆಯಾಗಿದ್ರೆ ರಬ್ಬರ್ ಬೇಗ ಹಾಳಾಗುತ್ತೆ, ಗೇರ್ ಆಯಿಲ್ ಮಟ್ಟವೂ ಇಳಿದಿರುತ್ತೆ. ಆಯಿಲ್ ಹಾಕಿಸೋದಾದ್ರೆ ಜಿಎಲ್-4 ಅಂತ ಡಬ್ಬಿ ಮೇಲೆ ಬರೆದಿರೋದು ಕೇಳಿ. ಜಿಎಲ್-5 ಲಾರಿ, ಜೀಪುಗಳ ಡಿಫರೆನ್ಷಿಯಲ್‌ಗೆ ಹೇಳಿ ಮಾಡಿಸಿದ್ದು. ಅದರಲ್ಲಿ ಗಂಧಕ, ರಂಜಕದ ಅಂಶ ಹೆಚ್ಚು, ಹಳೇ ಗೇರ್‌ಬಾಕ್ಸಿನ ಹಿತ್ತಾಳೆ ಸಿಂಕ್ರೋ ರಿಂಗ್‌ಗಳಿಗೆ ಅಷ್ಟು ಒಳ್ಳೇದಲ್ಲ.

ದೇವಿಮನೆ:
ಬುಷ್, ಸೀಟು, ಬೂಟ್, ಬೋಲ್ಟ್ ಎಲ್ಲ ಹಾಕಿಯಾಯ್ತು. ಸೀಲ್ ಸುತ್ತ ಒದ್ದೆ ಇಲ್ಲ, ಸೋರಿಕೆ ಇಲ್ಲ.

ಹಳೇ ಬುಷ್ ತೆಗೆದಾಗ ಆಶ್ಚರ್ಯ ಆಯ್ತು. ಒಂದು ಬದಿ ಇನ್ನೂ ದಪ್ಪ ಇದೆ, ಎದುರು ಬದಿ ಬೆಳಕಿಗೆ ಹಿಡಿದ್ರೆ ಆಚೆ ಕಾಣುವಷ್ಟು ತೆಳ್ಳಗಾಗಿದೆ. ಇನ್ನೊಂದು ಬುಷ್ ಎರಡು ಹೋಳಾಗಿ ಕೈಗೆ ಬಂತು. ಬೋಲ್ಟ್ ಮೇಲೆ ಉಗುರು ಸಿಕ್ಕಿಹಾಕಿಕೊಂಡ ಜಾಗ ಸ್ಪಷ್ಟವಾಗಿತ್ತು, ಒಂದು ಬದಿ ಚಪ್ಪಟೆಯಾಗಿ ಮಿಂಚ್ತಾ ಇತ್ತು. ಪುಣ್ಯಕ್ಕೆ ತೂತು ದುಂಡಗೇ ಇದೆ, ಹಾಗಾಗಿ ಲೇತ್‌ಗೆ ಹೋಗಲಿಲ್ಲ, ಕಂಪನಿ ಥರದ ಬುಷ್‌ಗಳನ್ನೇ ಹಾಕಿದ್ದು.

ಎಡ-ಬಲದ ಓಲಾಟ ಹೋಯ್ತು. ಲಿವರ್ ನ್ಯೂಟ್ರಲ್‌ನಲ್ಲಿ ತನ್ನಷ್ಟಕ್ಕೆ ನಡುವೆ ಬಂದು ನಿಲ್ಲುತ್ತೆ, ಸೆಕೆಂಡ್‌ನಿಂದ ಥರ್ಡ್‌ಗೆ ಕೈ ತಾನಾಗೇ ಹೋಗುತ್ತೆ. ಶಬ್ದವೂ ಇಲ್ಲ.

ಆದ್ರೆ ಹಿಂದೆ-ಮುಂದಿನದು ಅಳೆದು ನೋಡಿದ್ರೆ ನಿಂತ ಗಾಡಿಯಲ್ಲಿ ಕಡಿಮೆ ಆಗಿದೆ, ಓಡುವಾಗ ಮಾತ್ರ ಹಾಗೇ ಇದೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಒತ್ತಿದ್ರೆ ಲಿವರ್ ಮುಂದೆ ಹೋಗಿ ಹಿಂದೆ ಬರುತ್ತೆ. ಬುಷ್ ಸರಿ ಕೂತಿಲ್ವಾ?

ಗ್ರೀಸ್ ಗನ್ (ಬೆಂಗಳೂರು):
ಬುಷ್ ಸರಿಯಾಗೇ ಕೂತಿದೆ. ಇದು ಬೇರೆ ವಿಷಯ, ಎಂಜಿನ್ ಮೌಂಟಿಂಗ್. ಎಕ್ಸ್‌ಟೆನ್ಷನ್ ರಾಡ್ ಲಿವರಿನ ಬುಡವನ್ನು ಗೇರ್‌ಬಾಕ್ಸ್‌ಗೆ ಕಟ್ಟಿದೆ ಅಂದೆನಲ್ಲ, ಹಾಗಾಗಿ ಎಂಜಿನ್ ಎಷ್ಟು ವಾಲುತ್ತೋ ಲಿವರ್ ಅಷ್ಟು ಚಲಿಸುತ್ತೆ. ಸ್ವಲ್ಪ ಚಲಿಸೋದು ಸಹಜ. ಕಣ್ಣಿಗೆ ಹೊಡೆಯುವಷ್ಟು ಕುಣಿದ್ರೆ ಮೌಂಟಿಂಗ್‌ನ ರಬ್ಬರ್ ಕಬ್ಬಿಣದಿಂದ ಬಿಟ್ಟುಕೊಂಡಿರಬೇಕು. ನಿಂತ ಗಾಡಿಯಲ್ಲಿ ಕಡಿಮೆ, ಓಡುವಾಗ ಜಾಸ್ತಿ ಅಂತ ನೀವು ಅಳೆದಿದ್ದರಿಂದಲೇ ಇದು ಇಷ್ಟು ಸ್ಪಷ್ಟವಾಯ್ತು.

ಹೀಗೆ ನೋಡಿ: ಸಮತಟ್ಟು ಜಾಗ, ಹ್ಯಾಂಡ್‌ಬ್ರೇಕ್ ಬಿಗಿ, ಬಾನೆಟ್ ಎತ್ತಿ. ಚೆನ್ನಾಗಿ ಓಡಿಸಲು ಬರೋರು ಒಳಗೆ ಕೂತು, ಬ್ರೇಕ್ ಒತ್ತಿಕೊಂಡೇ, ಫಸ್ಟ್‌ನಲ್ಲಿ ಕ್ಲಚ್ಚನ್ನು ಹಿಡಿಯೋ ಮಟ್ಟದವರೆಗೆ ಮಾತ್ರ ನಿಧಾನ ಬಿಡಬೇಕು, ಕೂಡಲೇ ಒತ್ತಬೇಕು. ಆಮೇಲೆ ರಿವರ್ಸ್‌ನಲ್ಲೂ ಹಾಗೇ. ನೋಡೋರು ಪಕ್ಕದಲ್ಲಿ ನಿಲ್ಲಬೇಕು. ಗಾಡಿಯ ಮುಂದೆಯೂ ನಿಲ್ಲಬಾರದು, ಹಿಂದೆಯೂ ನಿಲ್ಲಬಾರದು. ಎಂಜಿನ್ ಒಂದು ಕಡೆ ಎದ್ದು ಧಪ್ ಅಂತ ಕೂತ್ರೆ ಆ ಬದಿಯ ಮೌಂಟಿಂಗ್ ಹೋಗಿದೆ. ಎಕ್ಸ್‌ಟೆನ್ಷನ್ ರಾಡ್‌ನ ಎರಡೂ ತುದಿಯ ನಟ್, ರಬ್ಬರ್ ಕೂಡ ನೋಡಿಬಿಡಿ.

ಧಾರವಾಡ ಡಿಪೋ:
ಎಂಜಿನ್ ಬಂದ್ ಮಾಡಿ ನೋಡೂದು ಇನ್ನೂ ಚೊಲೋ. ಆಯಿಲ್ ಸಂಪಿನ (ಎಂಜಿನ್ ಬುಡದ ಎಣ್ಣಿ ತೊಟ್ಟಿ) ಕೆಳಗ ಕಟಿಗಿ ಹಲಿಗಿ ಅಡ್ಡ ಇಟ್ಟು, ಜಾಕಿಲೆ ಸ್ವಲ್ಪ ಅಷ್ಟ ಎಂಜಿನ್ ಭಾರ ಎತ್ತರಿ. ರಬ್ಬರು ಹರಿದಿದ್ರ ಬಾಯಿ ತೆರದು ಕಾಣಸ್ತೈತಿ. ಒಂದು ಮೌಂಟಿಂಗ್ ಹೋಗಿ ಭಾಳ ದಿನಾ ಆಗಿದ್ರ ಉಳಿದಾವೂ ಭಾರ ಹೊತ್ತು ಸೋತಿರ್ತಾವ, ಎಲ್ಲಾ ನೋಡ್ರಿ.

ದೇವಿಮನೆ:
ಸಿಕ್ಕಿತು! ಗೇರ್‌ಬಾಕ್ಸ್ ಪಕ್ಕದ ಮೌಂಟಿಂಗ್. ಮೇಲಿಂದ ನೋಡಿದ್ರೆ ಏನೂ ಗೊತ್ತಾಗ್ತಿರಲಿಲ್ಲ. ಹಲಗೆ ಇಟ್ಟು ಎತ್ತಿದಾಗ ರಬ್ಬರ್ ಮತ್ತು ಕಬ್ಬಿಣದ ನಡುವೆ ಸ್ಪ್ಯಾನರ್ ತುದಿ ತೂರುವಷ್ಟು ಸಂದಿ ತೆರೆಯಿತು. ಮೌಂಟಿಂಗ್ ಬದಲಿಸಿದ್ದು ಬೇರೆ ಗ್ಯಾರೇಜ್‌ನವರು. ಅವರಿಗೆ ಇಲ್ಲಿ ಬರೆದಿದ್ದನ್ನೆಲ್ಲ ತೋರಿಸಿದೆ, ಖುಷಿಯಿಂದ ಓದಿ ಕೆಲಸ ಮಾಡಿದ್ರು. ಎಕ್ಸ್‌ಟೆನ್ಷನ್ ರಾಡ್‌ನ ಒಂದು ನಟ್ ಸಡಿಲ ಇದ್ದಿದ್ದನ್ನೂ ಅವರೇ ಹಿಡಿದು ಬಿಗಿ ಮಾಡಿದ್ರು.

ನಿನ್ನೆ ಘಟ್ಟ ಇಳಿದು ಹತ್ತಿ ಬಂದೆ. ತಿರುವಿನ ಮೊದಲು ಸೆಕೆಂಡ್ ಕೇಳಿದ ಕೂಡಲೇ ಬಿತ್ತು, ಲಿವರ್ ನಿಂತಲ್ಲೇ ನಿಂತಿತ್ತು. ಗೇರ್‌ಬಾಕ್ಸ್ ಇಳಿಸೋಕೆ ಕೇಳಿದ್ದ ದುಡ್ಡಿನಲ್ಲಿ ಸಣ್ಣ ಪಾಲಷ್ಟೇ ಖರ್ಚಾಯ್ತು.

ಒಂದೇ ಒಂದು ಉಳಿದಿದೆ. ಲಿವರ್ ನ್ಯೂಟ್ರಲ್‌ನಲ್ಲಿ ನೆಟ್ಟಗೆ ನಿಲ್ಲದೆ ಚೂರು ಹಿಂದಕ್ಕೆ ವಾಲಿದೆ. ಗೇರ್ ಎಲ್ಲ ಬೀಳುತ್ತೆ, ಆದ್ರೂ ಕೇಳ್ತಿದ್ದೀನಿ.

ಗ್ರೀಸ್ ಗನ್ (ಬೆಂಗಳೂರು):
ತುಂಬಾ ಸಂತೋಷ ಆಯ್ತು. ವಾಲಿರೋದು ಹೊಂದಾಣಿಕೆಯ ವಿಷಯ. ಲಿವರ್ ಬುಡದಲ್ಲಿ ಗೈಡ್ ಪ್ಲೇಟ್ ಇರುತ್ತೆ, ಲಿವರ್ ಆಡೋ ಜಾಗಕ್ಕೆ ಮಿತಿ ಹಾಕೋ ತಗಡು. ಅದರ ಬೋಲ್ಟ್‌ಗಳನ್ನೂ ಲಿವರ್ ಹೌಸಿಂಗ್‌ನ ನಟ್‌ಗಳನ್ನೂ ಸಡಿಲಿಸಿ, ನ್ಯೂಟ್ರಲ್‌ನಲ್ಲಿ ಲಿವರ್ ಪ್ಲೇಟ್‌ನ ನಡುಮಧ್ಯೆ ನೆಟ್ಟಗೆ ನಿಲ್ಲುವಂತೆ ಪ್ಲೇಟನ್ನು ಹಿಂದೆ ಮುಂದೆ ಜರುಗಿಸಿ. ಮೊದಲು ಪ್ಲೇಟ್‌ನ ಬೋಲ್ಟ್, ಆಮೇಲೆ ಹೌಸಿಂಗ್‌ನ ನಟ್ ಬಿಗಿ ಮಾಡಿ. ಬಿಗಿ ಮಾಡಿದ ಮೇಲೆ ನಾಲ್ಕೂ ಗೇರ್, ರಿವರ್ಸ್ ಕೊನೆಯವರೆಗೆ ಪೂರ್ತಿ ಬೀಳ್ತವಾ ನೋಡಿ. ಯಾವುದಾದರೂ ಗೇರ್‌ನಲ್ಲಿ ಲಿವರ್ ಪ್ಲೇಟ್‌ನ ಅಂಚಿಗೆ ತಾಗಿ ನಿಂತ್ರೆ ಆ ಗೇರ್ ಅರ್ಧ ಮಾತ್ರ ಬಿದ್ದಿರುತ್ತೆ, ಭಾರ ಬಿದ್ದಾಗ ಹೊರಗೆ ಜಿಗಿಯುತ್ತೆ. ಹಾಗಾದ್ರೆ ಮತ್ತೆ ಸಡಿಲಿಸಿ ಸರಿ ಮಾಡಿ.

ಹೊಸ ಚಾಲಕ (ಹಾಸನ):
ನಮ್ಮ ಮನೆ ಗಾಡಿ ಇದರ ನಂತರದ್ದು, ಕೆಳಗೆ ಬಗ್ಗಿ ನೋಡಿದೆ, ರಾಡ್ ಇಲ್ಲ, ಎರಡು ಕೇಬಲ್ ಇವೆ. ಅದಕ್ಕೂ ಇದೇ ಕ್ರಮವಾ ಅಣ್ಣಾ?

ಗ್ರೀಸ್ ಗನ್ (ಬೆಂಗಳೂರು):
ನೋಡೋ ಕ್ರಮ ಅದೇ, ಗೇರ್‌ಬಾಕ್ಸಿನಿಂದ ಲಿವರ್ ಕಡೆಗೆ. ಆದ್ರೆ ಹೆಚ್ಚಿನ ಕೆಲಸ ಬಾನೆಟ್ ಎತ್ತಿಯೇ ಆಗುತ್ತೆ. ಒಂದು ಕೇಬಲ್ ಸಾಲು ಆರಿಸುತ್ತೆ, ಇನ್ನೊಂದು ಗೇರ್ ಹಾಕುತ್ತೆ. ಗೇರ್‌ಬಾಕ್ಸ್ ಮೇಲೆ ಅವು ಕೂರೋ ಕಡೆ ಪ್ಲಾಸ್ಟಿಕ್ ಕಣ್ಣು (ಕೇಬಲ್ ತುದಿಯ ಬಳೆ) ಇರುತ್ತೆ, ಮೊದಲು ಸವೆಯೋದು, ಒಡೆಯೋದು ಅದೇ. ಆಮೇಲೆ ಕೇಬಲ್‌ನ ಹೊರಕವಚವನ್ನು ಬ್ರಾಕೆಟ್‌ಗೆ ಹಿಡಿದಿರೋ ಕ್ಲಿಪ್ ನೋಡಿ. ಕ್ಲಿಪ್ ಬಿಟ್ಟಿದ್ರೆ ಒಳತಂತಿಯ ಬದಲು ಕವಚವೇ ಜರುಗುತ್ತೆ, ಲಿವರ್ ಸಡಿಲ ಅನ್ನಿಸುತ್ತೆ. ಎಂಜಿನ್ ವಾಲಿದ್ರೂ ಕೇಬಲ್ ಬಗ್ಗಿಕೊಳ್ಳೋದರಿಂದ ಲಿವರ್ ಅಷ್ಟಾಗಿ ಕುಣಿಯೋದಿಲ್ಲ. ಹಾಗಾಗಿ ನಿಮ್ಮ ಗಾಡಿಯಲ್ಲಿ ಮೌಂಟಿಂಗ್ ಹೋಗಿದ್ದು ಲಿವರ್ ನೋಡಿ ಗೊತ್ತಾಗೋದಿಲ್ಲ, ಬೇರೆಯಾಗೇ ನೋಡಬೇಕು. ಆ ಪ್ಲಾಸ್ಟಿಕ್ ಕಣ್ಣಿನ ಫೋಟೋ ತೆಗೆದು ಇಲ್ಲಿ ಹಾಕಿ, ಯಾವ ಗಾಡಿ, ಯಾವ ವರ್ಷ ಅಂತಲೂ ಬರೀರಿ, ನೋಡೋಣ.